ದಾರಿಯ ಋಣ

ಪಶ್ಚಿಮಕ್ಕೆ ಮಲೆನಾಡು, ಪೂರ್ವಕ್ಕೆ ಬಯಲುಸೀಮೆ. ಇವೆರಡರ ಹೊಸ್ತಿಲಲ್ಲಿ ಹುಬ್ಬಳ್ಳಿ–ಧಾರವಾಡ ಅವಳಿ ನಗರಗಳು ನೆಲೆಸಿವೆ. ಈ ನೆಲದ ಮೇಲೆ ಬಿದ್ದ ಮಳೆಯ ನೀರಿಗೆ ಎರಡು ದಾರಿಗಳುಂಟು. ಉಣಕಲ್ ಕೆರೆಯಿಂದ ಹೊರಟ ನೀರು ನಾಲೆಯಾಗಿ ಹುಬ್ಬಳ್ಳಿಯನ್ನು ಹಾಯ್ದು ಬೆಣ್ಣೆಹಳ್ಳವನ್ನು ಸೇರಿ, ಮಲಪ್ರಭೆ, ಕೃಷ್ಣೆಯರ ಮೂಲಕ ಬಂಗಾಳ ಕೊಲ್ಲಿಯತ್ತ ಸಾಗುತ್ತದೆ. ಧಾರವಾಡದ ಸೋಮೇಶ್ವರ ದೇವಾಲಯದ ಬಳಿ ಹುಟ್ಟುವ ಶಾಲ್ಮಲೆಯಾದರೋ ಕಲಘಟಗಿಯ ಕಡೆಗೆ ಹರಿದು, ಬೇಡ್ತಿ ಎಂಬ ಹೆಸರನ್ನು ತಳೆದು, ಯಲ್ಲಾಪುರದ ಕಾಡುಗಳನ್ನು ದಾಟಿ, ಮಾಗೋಡಿನಲ್ಲಿ ಜಲಪಾತವಾಗಿ ಧುಮುಕಿ, ಕೊನೆಗೆ ಗಂಗಾವಳಿಯಾಗಿ ಅಂಕೋಲಾ ತಾಲೂಕಿನಲ್ಲಿ ಅರಬ್ಬೀ ಸಮುದ್ರವನ್ನು ಕೂಡುತ್ತದೆ.

ನೀರು ಇಳಿದ ದಿಕ್ಕಿನಲ್ಲಿಯೇ ಮನುಷ್ಯನೂ ಇಳಿದನು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯು ಹೇರೆತ್ತುಗಳ ಬೆನ್ನೇರಿ, ಮುಂದೆ ಗಾಡಿಗಳನ್ನೇರಿ, ಘಟ್ಟವನ್ನಿಳಿದು ಕುಮಟೆಯ ಬಂದರನ್ನು ಸೇರುತ್ತಿತ್ತು. ಇಂದು ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲು ಘಟ್ಟಗಳ ಮೂಲಕ ಅಂಕೋಲೆಗೆ ಹೋಗುವ ಹೆದ್ದಾರಿಯ ಉದ್ದ ಸುಮಾರು 140 ಕಿಲೋಮೀಟರು. ಅಷ್ಟರೊಳಗೆ ಗುಡ್ಡ, ಕಾಡು, ಕಡಲು ಮೂರನ್ನೂ ಕಾಣಬಹುದು. ಆದರೆ ಹೆದ್ದಾರಿಯ ಎರಡೂ ಬದಿಗೆ ಕವಲೊಡೆದು ಹೋಗುವ ನೂರಾರು ಕಾಲುದಾರಿಗಳು ಯಾವ ನಕ್ಷೆಯಲ್ಲಿಯೂ ಸುಲಭವಾಗಿ ಸಿಕ್ಕುವುದಿಲ್ಲ. ದನ ಕಾಯುವವರು, ಸೌದೆ ತರುವವರು, ಹೊಲಕ್ಕೆ ಹೋಗುವವರು ನಡೆದು ನಡೆದು ಅವು ಮೂಡಿವೆ. ಅವುಗಳಿಗೆ ಕಟ್ಟಿದವನ ಹೆಸರಿಲ್ಲ, ಸವೆಸಿದವರ ಹೆಜ್ಜೆಗಳಿವೆ.

ಇಂತಹ ದಾರಿಗಳಲ್ಲಿ ಸೈಕಲ್ ತುಳಿಯುವುದು ಈ ಭಾಗದ ಜನರಿಗೆ ಹೊಸ ವಿದ್ಯೆಯಲ್ಲ. ಹಾಲಿನ ಕ್ಯಾನುಗಳನ್ನು ಇಕ್ಕೆಲಗಳಲ್ಲಿ ಕಟ್ಟಿಕೊಂಡು ಬೆಳಗಿನ ಜಾವದಲ್ಲಿ ಪೇಟೆಗೆ ಬರುವವರು, ಹಳ್ಳಿಯಿಂದ ಹಳ್ಳಿಗೆ ಟಪಾಲು ಒಯ್ಯುವವರು ಕಲ್ಲು ಕೊರಕಲುಗಳ ಹಾದಿಯನ್ನು ಬಹು ಹಿಂದೆಯೇ ಪಳಗಿಸಿದ್ದರು. 2006–07ರಿಂದ ಹಲವು ವರ್ಷಗಳವರೆಗೆ ಕರ್ನಾಟಕ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲುಗಳನ್ನು ಹಂಚಿತು. ಎಷ್ಟೋ ಹಳ್ಳಿಯ ಹುಡುಗಿಯರು ಅವುಗಳನ್ನೇರಿ ಮಣ್ಣಿನ ಹಾದಿಯಲ್ಲಿ ಶಾಲೆಗೆ ಹೋಗಿ ಬಂದರು. ರಾಷ್ಟ್ರಮಟ್ಟದಲ್ಲಿ ಹೆಸರು ಗಳಿಸಿದ ಕರ್ನಾಟಕದ ಸೈಕಲ್ ಪಟುಗಳಲ್ಲಿ ಅನೇಕರು ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳವರು ಎಂಬುದನ್ನು ಇಲ್ಲಿ ನೆನೆಯಬಹುದು. ಅಗತ್ಯಕ್ಕಾಗಿ ತುಳಿದ ಕಾಲುಗಳೇ ಆಟಕ್ಕೂ ಬಲವನ್ನು ತಂದವು.

ಗುಡ್ಡಗಾಡಿನ ಸವಾರಿಯು ಒಂದು ಕ್ರೀಡೆಯಾಗಿ ರೂಪುಗೊಂಡದ್ದು ಮಾತ್ರ ದೂರದ ಅಮೆರಿಕೆಯಲ್ಲಿ. ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಉತ್ತರಕ್ಕೆ ಮರಿನ್ ಎಂಬ ಜಿಲ್ಲೆಯಿದೆ. ಅಲ್ಲಿಯೂ ಗುಡ್ಡ, ಕಾಡು, ಕಡಲತೀರದ ಉದ್ಯಾನ ಪ್ರದೇಶಗಳು ಒಂದಕ್ಕೊಂದು ತಾಗಿಕೊಂಡಿವೆ. 1970ರ ದಶಕದಲ್ಲಿ ಅಲ್ಲಿನ ಕೆಲವು ತರುಣರು ಗುಜರಿ ಸೇರಿದ್ದ ಹಳೆಯ, ಭಾರವಾದ, ದಪ್ಪ ಟಾಯರಿನ ಸೈಕಲ್ಲುಗಳನ್ನು ಕೊಂಡು ತಂದು, ದುರಸ್ತಿ ಮಾಡಿ, ಬೆಟ್ಟದ ಮಣ್ಣುದಾರಿಗಳಲ್ಲಿ ಇಳಿಸತೊಡಗಿದರು. 1976ರ ಅಕ್ಟೋಬರ್ 21ರಂದು ಅವರ ಮೊದಲ ಪಂದ್ಯ ನಡೆಯಿತು. ಸುಮಾರು ಮೂರು ಕಿಲೋಮೀಟರು ದೂರದಲ್ಲಿ 400 ಮೀಟರಿನಷ್ಟು ಕೆಳಗಿಳಿಯುವ ಕಡಿದಾದ ದಾರಿ ಅದು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂಗಾಲಿಯ ಗುಂಬದೊಳಗೆ ಹಿಡಿಯುವ ಬ್ರೇಕು ಆ ಸೈಕಲ್ಲುಗಳಲ್ಲಿತ್ತು. ಇಳಿದು ಮುಗಿಸುವುದರೊಳಗೆ ಬ್ರೇಕು ಕಾದು, ಅದರೊಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಹೊಸ ಗ್ರೀಸನ್ನು ತುಂಬಬೇಕಾಗುತ್ತಿತ್ತು. ಹೀಗೆ ಮರಳಿ ತುಂಬುವ ಕೆಲಸದಿಂದಲೇ ಆ ದಾರಿಗೆ 'ರಿಪ್ಯಾಕ್' ಎಂಬ ಹೆಸರು ಬಂದಿತು. ಆ ಗುಂಪಿನವನೇ ಆದ ಜೋ ಬ್ರೀಜ್ ಎಂಬವನು ಗುಡ್ಡದ ಸವಾರಿಗೆಂದೇ ಹೊಸ ಚೌಕಟ್ಟುಗಳನ್ನು ತಯಾರಿಸಿದನು. ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ಎಂಬವರು 1979ರಲ್ಲಿ ಇಂತಹ ಸೈಕಲ್ಲುಗಳ ಮಾರಾಟಕ್ಕೆ ತೊಡಗಿದರು. ಇಪ್ಪತ್ತು ವರ್ಷ ತುಂಬುವುದರೊಳಗೆ, 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಪರ್ವತ ಸೈಕಲ್ ಸ್ಪರ್ಧೆಯು ಸ್ಥಾನವನ್ನು ಪಡೆಯಿತು.

ಪರ್ವತ ಸೈಕಲ್ಲಿನ ರಚನೆಯು ಅದರ ಕೆಲಸಕ್ಕೆ ತಕ್ಕಂತಿದೆ. ಅದರ ಟಾಯರು ಅಗಲವಾಗಿದ್ದು, ಮೇಲ್ಮೈಯಲ್ಲಿ ಗುಬುಟುಗಳಿರುತ್ತವೆ. ಅದರಲ್ಲಿ ಗಾಳಿಯ ಒತ್ತಡವೂ ಕಡಿಮೆ. ಆದುದರಿಂದ ಟಾಯರು ನೆಲವನ್ನು ಹೆಚ್ಚು ಅಗಲವಾಗಿ ತಬ್ಬಿಕೊಂಡು ಜಾರದೆ ಸಾಗುತ್ತದೆ. ಪೆಡಲಿನ ಬಳಿಯ ಹಲ್ಲುಚಕ್ರವು ಚಿಕ್ಕದಾಗಿ, ಹಿಂಗಾಲಿಯ ಹಲ್ಲುಚಕ್ರವು ದೊಡ್ಡದಾಗಿರುವಂತೆ ಗೇರನ್ನು ಬದಲಿಸಿದರೆ, ಕಾಲು ಹೆಚ್ಚು ಸುತ್ತು ತಿರುಗಿದರೂ ಗಾಲಿ ಕಡಿಮೆ ತಿರುಗುತ್ತದೆ. ವೇಗ ಕುಂದುತ್ತದೆ, ಆದರೆ ಏರನ್ನು ಹತ್ತುವ ಬಲ ದೊರೆಯುತ್ತದೆ. ಮುಂಗಾಲಿಯ ಕವಲಿನಲ್ಲಿರುವ ಸ್ಪ್ರಿಂಗು ಅಥವಾ ಗಾಳಿಯ ಕೊಳವೆಯು ಕಲ್ಲಿನ ಪೆಟ್ಟನ್ನು ತಾನು ನುಂಗಿ ಸವಾರನ ಕೈಗಳನ್ನು ಕಾಯುತ್ತದೆ.

ಯಂತ್ರವು ಸುಧಾರಿಸಿದಂತೆ ಸವಾರರ ಸಂಖ್ಯೆಯೂ ಹೆಚ್ಚಿತು. ಅದರೊಂದಿಗೆ ತಕರಾರುಗಳೂ ಹುಟ್ಟಿದವು. ಮರಿನ್ ಬೆಟ್ಟಗಳಲ್ಲಿ ನಡೆಯುವವರು, ಕುದುರೆ ಏರಿ ಹೋಗುವವರು ತಿರುವುಗಳಲ್ಲಿ ವೇಗವಾಗಿ ಎರಗಿ ಬರುವ ಸೈಕಲ್ಲುಗಳಿಗೆ ಬೆದರಿದರು. ದಾರಿಗಳು ಕೊರೆದುಹೋಗುತ್ತಿವೆಯೆಂಬ ದೂರುಗಳು ಕೇಳಿಬಂದವು. ಅಲ್ಲಿನ ಆಡಳಿತದವರು ಅನೇಕ ಕಿರುದಾರಿಗಳನ್ನು ಸೈಕಲ್ಲುಗಳಿಗೆ ಮುಚ್ಚಿದರು. ತೆರೆದಿಟ್ಟ ದಾರಿಗಳಲ್ಲಿ ಗಂಟೆಗೆ ಸುಮಾರು 24 ಕಿಲೋಮೀಟರಿನ ವೇಗಮಿತಿಯನ್ನು ಗೊತ್ತುಪಡಿಸಿದರು. ಈ ಕ್ರೀಡೆ ಹುಟ್ಟಿದ ನೆಲದಲ್ಲಿಯೇ ಅದಕ್ಕೆ ಬಾಗಿಲು ಮುಚ್ಚುವ ಕಾಲ ಬಂದಿತು. ಆಗ ಸವಾರರಲ್ಲಿ ವಿವೇಕಿಗಳಾದವರು ವಾದವೊಂದನ್ನೇ ನೆಚ್ಚಿ ಕೂಡಲಿಲ್ಲ. 1988ರಲ್ಲಿ ಕ್ಯಾಲಿಫೋರ್ನಿಯಾದ ಕೆಲವು ಸಂಘಗಳು ಒಟ್ಟುಗೂಡಿ ಒಂದು ಸಂಸ್ಥೆಯನ್ನು ಕಟ್ಟಿದವು. ಸವಾರರು ತಾವೇ ಗುದ್ದಲಿ ಹಿಡಿದು ದಾರಿಗಳ ದುರಸ್ತಿಗೆ ಇಳಿದರು. ತೆರೆದ ದಾರಿಯಲ್ಲಿ ಮಾತ್ರ ಹೋಗಬೇಕು, ನಡೆಯುವವರಿಗೆ ಮೊದಲು ಎಡೆಗೊಡಬೇಕು, ಪ್ರಾಣಿಗಳನ್ನು ಬೆದರಿಸಬಾರದು, ನೆಲದ ಮೇಲೆ ಗಾಯವನ್ನು ಉಳಿಸಬಾರದು ಎಂಬ ಕಟ್ಟಳೆಗಳನ್ನು ತಮಗೆ ತಾವೇ ವಿಧಿಸಿಕೊಂಡರು. ದಾರಿಯ ಮೇಲಿನ ಹಕ್ಕು ದಾರಿಯ ಸೇವೆಯಿಂದಲೇ ದೊರೆಯುವುದೆಂಬುದನ್ನು ಅವರು ಕಷ್ಟದಿಂದ ಕಲಿತರು.

ಈ ಪಾಠವು ಹುಬ್ಬಳ್ಳಿ–ಧಾರವಾಡದ ನೆಲಕ್ಕೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಇಲ್ಲಿ ಪೂರ್ವಕ್ಕೆ ಎರೆಭೂಮಿ, ಪಶ್ಚಿಮಕ್ಕೆ ಕೆಂಪು ಮಣ್ಣಿನ ಮಸಾರಿ ಭೂಮಿ. ಎರೆಯ ಮಣ್ಣು ಬೇಸಗೆಯಲ್ಲಿ ಬಿರಿಯುತ್ತದೆ. ಮಳೆ ಬಿದ್ದರೆ ಹಿಗ್ಗಿ ಅಂಟಾಗುತ್ತದೆ. ಒಂದು ಹದ ಮಳೆಯಾದ ಮೇಲೆ ಅದರಲ್ಲಿ ಸೈಕಲ್ಲನ್ನು ಇಳಿಸಿದವನು ಹತ್ತು ಮಾರು ಹೋಗುವಷ್ಟರಲ್ಲಿ ಗಾಲಿ ಸಿಕ್ಕಿ, ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕಾಗುತ್ತದೆ. ಕೆಂಪು ಮಣ್ಣಿನ ಗುಡ್ಡಗಳು ಹಾಗೆ ತಡೆಯುವುದಿಲ್ಲ. ಆದರೆ ಅಲ್ಲಿ ಬೇರೊಂದು ಅಪಾಯವಿದೆ. ಮನುಷ್ಯನ ಹೆಜ್ಜೆಯು ಬಿಡಿಬಿಡಿಯಾಗಿ ಊರುತ್ತದೆ. ಗಾಲಿಯು ಕಡಿಯದ ಗೆರೆಯೊಂದನ್ನು ಎಳೆಯುತ್ತದೆ. ಹಸಿ ಮಣ್ಣಿನಲ್ಲಿ, ಅದರಲ್ಲಿಯೂ ಬ್ರೇಕು ಹಿಡಿದು ಗಾಲಿಯನ್ನು ಜಾರಿಸಿದಾಗ, ಆ ಗೆರೆ ಆಳವಾಗುತ್ತದೆ. ಮುಂದಿನ ಮಳೆಯ ನೀರಿಗೆ ಅದೇ ಕಾಲುವೆ. 'ಹನಿಗೂಡಿದರೆ ಹಳ್ಳ' ಎಂಬ ಗಾದೆಯು ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ನಾಲ್ಕಾರು ಮಳೆಗಾಲಗಳಲ್ಲಿ ದಾರಿಯೇ ಕೊರಕಲಾಗಿ, ಮೇಲ್ಮಣ್ಣು ಕೆರೆಯ ತಳವನ್ನು ಸೇರುತ್ತದೆ.

ಇದಕ್ಕೆ ಪರಿಹಾರವಿಲ್ಲದಿಲ್ಲ. ಗುಡ್ಡದ ನೆತ್ತಿಯಿಂದ ಬುಡಕ್ಕೆ ನೇರವಾಗಿ ಇಳಿಯುವ ದಾರಿಯು ನೀರಿಗೆ ತುತ್ತಾಗುತ್ತದೆ. ಗುಡ್ಡದ ಮೈಯನ್ನು ಅಡ್ಡಲಾಗಿ ಸುತ್ತಿ ಇಳಿಯುವ ದಾರಿಯು ಬಾಳುತ್ತದೆ. ದಾರಿಯ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದೆಂಬುದು ದಾರಿ ಕಟ್ಟುವವರ ಸೂತ್ರ. ಗುಡ್ಡವು ನೂರು ಮೀಟರಿಗೆ ಇಪ್ಪತ್ತು ಮೀಟರು ಇಳಿಯುತ್ತಿದ್ದರೆ, ದಾರಿಯು ನೂರು ಮೀಟರಿಗೆ ಹತ್ತಕ್ಕಿಂತ ಹೆಚ್ಚು ಇಳಿಯಕೂಡದು. ದಾರಿಯ ಹೊರಅಂಚು ತುಸು ತಗ್ಗಾಗಿದ್ದರೆ ನೀರು ದಾರಿಗುಂಟ ಹರಿಯದೆ ಅಡ್ಡಹಾಯ್ದು ಹೋಗುತ್ತದೆ. ಇಲ್ಲಿನ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿ, ನೀರಿನ ಓಟವನ್ನು ತಡೆದು, ಮಣ್ಣನ್ನು ಉಳಿಸಿಕೊಳ್ಳುವ ವಿದ್ಯೆ ಅವನಿಗೆ ತಲೆಮಾರುಗಳಿಂದ ಬಂದಿದೆ.

ಕಲಘಟಗಿಯನ್ನು ದಾಟಿದ ಮೇಲೆ ಕಾಡು ದಟ್ಟವಾಗುತ್ತದೆ. ಸಾಗವಾನಿ, ಮತ್ತಿ, ನಂದಿ ಮರಗಳ ನಡುವಿನ ತಂಪು ದಾರಿಯು ಸವಾರನನ್ನು ಕೈಬೀಸಿ ಕರೆಯುತ್ತದೆ. ಆದರೆ ಅದು ಅವನೊಬ್ಬನ ದಾರಿಯಲ್ಲ. ಆನೆ, ಕಾಡುಕೋಣ, ಕರಡಿಗಳ ದಾರಿಯೂ ಹೌದು. ಸೈಕಲ್ಲು ಸದ್ದಿಲ್ಲದೆ ವೇಗವಾಗಿ ಬರುತ್ತದೆ. ಆದ್ದರಿಂದಲೇ ಪ್ರಾಣಿಯೂ ಸವಾರನೂ ಒಬ್ಬರನ್ನೊಬ್ಬರು ತೀರ ಹತ್ತಿರದಲ್ಲಿ ಥಟ್ಟನೆ ಎದುರಿಸುವ ಸಂಭವ ಹೆಚ್ಚು. 2011ರಲ್ಲಿ ಬೇಡ್ತಿ ಕಣಿವೆಯ ಒಂದು ಭಾಗವು ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲ್ಪಟ್ಟಿತು. ಮಂಗಟ್ಟೆ ಹಕ್ಕಿಗಳಿಗೆ ಅದು ಆಶ್ರಯ. ಉತ್ತರಕ್ಕಿರುವ ದಾಂಡೇಲಿ ಮತ್ತು ಅಣಶಿಯ ಅರಣ್ಯಗಳು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರನ್ನಿಡಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವಂತಿಲ್ಲ. ಈ ಕಟ್ಟಳೆಯು ಸಾಹಸಕ್ಕೆ ಹಾಕಿದ ಬೇಲಿಯಲ್ಲ. ಕಾಡಿನ ಒಡೆತನ ಯಾರದೆಂಬುದನ್ನು ನೆನಪಿಸುವ ಮಾತು.

ಘಟ್ಟವನ್ನಿಳಿದರೆ ಹವೆಯೇ ಬೇರೆ. ಹುಬ್ಬಳ್ಳಿಯಲ್ಲಿ ವರ್ಷಕ್ಕೆ ಸುಮಾರು 700ರಿಂದ 800 ಮಿಲಿಮೀಟರು ಮಳೆ. ಕರಾವಳಿಯಲ್ಲಿ ಅದು 3000 ಮಿಲಿಮೀಟರನ್ನು ಮೀರುತ್ತದೆ. ಗಾಳಿಮರದ ತೋಪುಗಳು, ಅವುಗಳ ಮುಂದೆ ಮರಳ ದಿಬ್ಬಗಳು, ದಿಬ್ಬಗಳ ಮೇಲೆ ಹಬ್ಬಿದ ಬಳ್ಳಿಗಳು ಕಾಣುತ್ತವೆ. ಈ ಬಳ್ಳಿಗಳ ಬೇರು ಮರಳನ್ನು ಹಿಡಿದಿಟ್ಟಿದೆ; ದಿಬ್ಬವು ಊರನ್ನು ಅಲೆಯಿಂದ ಕಾಯುತ್ತಿದೆ. ಚಳಿಗಾಲದ ರಾತ್ರಿಗಳಲ್ಲಿ ಕಡಲಾಮೆಗಳು ತೀರಕ್ಕೆ ಬಂದು ಮರಳಿನಲ್ಲಿ ಗುಣಿ ತೋಡಿ ಮೊಟ್ಟೆಯಿಡುತ್ತವೆ. ದಿಬ್ಬದ ಮೇಲೆ ಹಾಯ್ದ ಗಾಲಿಯು ಬಳ್ಳಿಯನ್ನು ಕಡಿಯುತ್ತದೆ. ಮರಳಿನಲ್ಲಿ ಉಳಿದ ಆಳವಾದ ಜಾಡು, ಕಡಲಿನತ್ತ ತೆವಳುವ ಪುಟ್ಟ ಆಮೆಮರಿಗೆ ಕಂದಕವಾಗಿ ಪರಿಣಮಿಸುತ್ತದೆ. ಸವಾರನು ಒಂದು ಗಳಿಗೆಯಲ್ಲಿ ದಾಟಿ ಮರೆಯುವ ಜಾಗ, ಇನ್ನೊಂದು ಜೀವಕ್ಕೆ ಬದುಕಿನ ಮೊದಲ ದಾರಿ.

ನಗರಗಳು ಬೆಳೆಯುತ್ತಿವೆ. ಊರಂಚಿನ ಗುಡ್ಡಗಳು ಕಲ್ಲಿಗಾಗಿ, ಮಣ್ಣಿಗಾಗಿ, ನಿವೇಶನಗಳಿಗಾಗಿ ಕರಗುತ್ತಿವೆ. ಜನರು ಬಳಸದೆ ಬಿಟ್ಟ ಕಾಲುದಾರಿಯು ಮೊದಲು ಮುಳ್ಳಿನ ಪಾಲಾಗುತ್ತದೆ. ಬಳಿಕ ಬೇಲಿಯ ಪಾಲಾಗುತ್ತದೆ. ಹುಬ್ಬಳ್ಳಿಯ ನೃಪತುಂಗ ಬೆಟ್ಟವು ಇಂದಿಗೂ ಊರಿಗೆ ಹಸಿರಿನ ಉಸಿರಾಗಿದೆ. ನಸುಕಿನಲ್ಲಿಯೇ ಅದನ್ನೇರುವ ಜನರ ಅಕ್ಕರೆಯು ಅದರ ಬೆಂಬಲಕ್ಕಿದೆ. ಹಾಗೆಯೇ ಗುಡ್ಡದ ದಾರಿಯನ್ನು ಪ್ರೀತಿಯಿಂದ ಬಳಸುವ ಸವಾರನು ಅದರ ಕಾವಲುಗಾರನೂ ಆಗಬಲ್ಲನು. ಮಳೆಗಾಲದಲ್ಲಿ ಅದಕ್ಕೆ ವಿಶ್ರಾಂತಿ ಕೊಟ್ಟು, ಕೊರಕಲಿಗೆ ಕಲ್ಲು ತುಂಬಿ, ತಲೆಯ ಮೇಲೆ ಸೌದೆ ಹೊತ್ತು ಎದುರು ಬರುವವಳಿಗೆ ಸೈಕಲ್ಲಿನಿಂದಿಳಿದು ದಾರಿ ಬಿಟ್ಟರೆ, ಅವನ ಸವಾರಿ ಸಾರ್ಥಕವಾಗುತ್ತದೆ. ದಾರಿಯನ್ನು ಅವನಿಗೆ ಕೊಟ್ಟವರು ಹೆಸರಿಲ್ಲದ ಹಿರಿಯರು. ಅವರ ಋಣವನ್ನು ಅವರಿಗೆ ತೀರಿಸಲಾಗದು. ಮುಂದೆ ಬರುವವರಿಗೆ ದಾರಿಯನ್ನು ಉಳಿಸಿಯೇ ತೀರಿಸಬೇಕು.

ಅಭ್ಯಾಸ

1. ಹುಬ್ಬಳ್ಳಿ–ಧಾರವಾಡದ ಮಳೆಯ ನೀರು ಯಾವ ಎರಡು ದಿಕ್ಕುಗಳಿಗೆ ಹರಿಯುತ್ತದೆ? ವಿವರಿಸಿರಿ.
2. 'ರಿಪ್ಯಾಕ್' ಎಂಬ ಹೆಸರು ಹೇಗೆ ಬಂದಿತು?
3. ಗುಡ್ಡದ ದಾರಿಯು ಕೊರಕಲಾಗಲು ಕಾರಣವೇನು? ಅದನ್ನು ತಡೆಯುವ ಬಗೆ ಹೇಗೆ?
4. 'ದಾರಿಯ ಮೇಲಿನ ಹಕ್ಕು ದಾರಿಯ ಸೇವೆಯಿಂದಲೇ ದೊರೆಯುವುದು.' ಈ ಮಾತನ್ನು ಸಮರ್ಥಿಸಿರಿ.
5. ನಿಮ್ಮ ಊರಿನ ಒಂದು ಹಳೆಯ ಕಾಲುದಾರಿಯನ್ನು ಕುರಿತು ಹಿರಿಯರಿಂದ ಕೇಳಿ ತಿಳಿದು ಹತ್ತು ವಾಕ್ಯಗಳಲ್ಲಿ ಬರೆಯಿರಿ.