ಕೋವಿಡ್ ನಂತರ ಮಕ್ಕಳಲ್ಲಿ ಉರಿಯೂತ: ಎಂಐಎಸ್-ಸಿ

1. ಎಂಐಎಸ್-ಸಿ: ಮಕ್ಕಳ ಬಹು ಅಂಗಾಂಗ ಉರಿಯೂತ ಸಿಂಡ್ರೋಮ್. ಕೋವಿಡ್ ಸೋಂಕಿನ ಸುಮಾರು 2ರಿಂದ 6 ವಾರಗಳ ನಂತರ ಕಾಣಿಸಿಕೊಳ್ಳುತ್ತದೆ.

2. ಮೊದಲ ಎಚ್ಚರಿಕೆ: 2020ರ ಏಪ್ರಿಲ್, ಬ್ರಿಟನ್. ವಿಶ್ವ ಆರೋಗ್ಯ ಸಂಸ್ಥೆಯ ಪ್ರಾಥಮಿಕ ವ್ಯಾಖ್ಯೆ: 2020ರ ಮೇ.

3. ಕಾರಣ: ಸೋಂಕಿನ ನಂತರ ರೋಗನಿರೋಧಕ ವ್ಯವಸ್ಥೆಯ ಅತಿರೇಕದ ಪ್ರತಿಕ್ರಿಯೆ. ಹೀಗಾಗಿ ಗಂಟಲು ದ್ರವದ ಆರ್‌ಟಿ-ಪಿಸಿಆರ್ ನೆಗೆಟಿವ್ ಬಂದರೂ ರಕ್ತದಲ್ಲಿ ಪ್ರತಿಕಾಯಗಳು ಸಿಗಬಹುದು. ಈ ಅಂಶವನ್ನು ಗಟ್ಟಿಯಾಗಿ ನೆನಪಿಡಿ. ಪರೀಕ್ಷೆಯ ಹೇಳಿಕೆ ರೂಪದ ಪ್ರಶ್ನೆಗೆ ಇದು ಹೇಳಿ ಮಾಡಿಸಿದಂತಿದೆ.

4. ಲಕ್ಷಣ: 3 ದಿನ ಅಥವಾ ಹೆಚ್ಚು ಜ್ವರ (ವಿಶ್ವ ಆರೋಗ್ಯ ಸಂಸ್ಥೆ; ವಯಸ್ಸು 0-19), ಕಣ್ಣು ಕೆಂಪಾಗುವುದು, ಚರ್ಮದ ಮೇಲೆ ದದ್ದು, ಹೊಟ್ಟೆನೋವು, ವಾಂತಿ, ಭೇದಿ, ರಕ್ತದೊತ್ತಡ ಕುಸಿತ. ಹೃದಯಕ್ಕೆ ತಗಲುವುದೇ ದೊಡ್ಡ ಅಪಾಯ.

5. ರಕ್ತಪರೀಕ್ಷೆ: ಸಿಆರ್‌ಪಿ, ಇಎಸ್‌ಆರ್, ಫೆರಿಟಿನ್, ಡಿ-ಡೈಮರ್ ಏರಿಕೆ.

6. ಚಿಕಿತ್ಸೆ: ರಕ್ತನಾಳದ ಮೂಲಕ ಇಮ್ಯುನೊಗ್ಲಾಬ್ಯುಲಿನ್, ಸ್ಟೀರಾಯ್ಡ್.

ಗೊಂದಲ ಬೇಡ

* ಎಂಐಎಸ್-ಸಿ ಮಗುವಿನಿಂದ ಮಗುವಿಗೆ ಅಂಟುವುದಿಲ್ಲ. ಅಂಟುವುದು ಕೋವಿಡ್ ವೈರಸ್.
* ಕವಾಸಾಕಿ ಕಾಯಿಲೆ ಬೇರೆ. ಜಪಾನಿನ ಮಕ್ಕಳ ವೈದ್ಯ ಟೊಮಿಸಾಕು ಕವಾಸಾಕಿ 1967ರಲ್ಲಿ ವಿವರಿಸಿದರು. ಆ ಹೆಸರಿನ ನಗರಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಚ್ಚಾಗಿ 5 ವರ್ಷದೊಳಗಿನವರಲ್ಲಿ, 5 ದಿನ ಅಥವಾ ಹೆಚ್ಚು ಜ್ವರ, ಹೃದಯದ ಕೊರೊನರಿ ರಕ್ತನಾಳಗಳು ಉಬ್ಬುವ ಸಾಧ್ಯತೆ. ನಿಖರ ಕಾರಣ ಇನ್ನೂ ಪತ್ತೆಯಾಗಿಲ್ಲ. ಎಂಐಎಸ್-ಸಿ ಸಾಮಾನ್ಯವಾಗಿ ಇನ್ನೂ ದೊಡ್ಡ ಮಕ್ಕಳಲ್ಲಿ.
* ರೇಯ್ ಸಿಂಡ್ರೋಮ್: ಫ್ಲೂ ಅಥವಾ ಸೀತಾಳೆ ಸಿಡುಬಿನ ವೇಳೆ ಮಕ್ಕಳಿಗೆ ಆಸ್ಪಿರಿನ್ ಕೊಡುವುದರೊಂದಿಗೆ ನಂಟು, ಯಕೃತ್ತು ಮತ್ತು ಮೆದುಳಿಗೆ ಹಾನಿ. ಮನೆಯಲ್ಲಿ ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಕೊಡಲೇಬಾರದು. ಆದರೆ ಕವಾಸಾಕಿಯಲ್ಲಿ ವೈದ್ಯರ ನಿಗಾದಲ್ಲಿ ಅದೇ ಔಷಧ ಬಳಕೆಯಲ್ಲಿದೆ.