ಹೂ ಮಾರುವ ಅಜ್ಜಿಗೆ ಪಿಂಚಣಿ ಯಾಕಿಲ್ಲ?

ಪ್ರಶ್ನೆ: ನಮ್ಮ ಬೀದಿ ಮೂಲೆಯಲ್ಲಿ ಹೂ ಮಾರುವ ಅಜ್ಜಿಗೆ ಎಪ್ಪತ್ತು ದಾಟಿದೆ. ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಿದರೆ ಆದಾಯ ಜಾಸ್ತಿ ಅಂತ ವಾಪಸ್ ಬಂತಂತೆ. ಈ ಯೋಜನೆ ಸರಿಹೋಗಬೇಕಾದರೆ ಏನಾಗಬೇಕು?
– ಓದುಗರು, ಎನ್.ಆರ್. ಕಾಲೋನಿ, ಬೆಂಗಳೂರು

ಉತ್ತರ: ಮೊದಲು ಆದಾಯದ ಮಿತಿ ಬದಲಾಗಬೇಕು. ಈಗ ಅದು ವರ್ಷಕ್ಕೆ 32,000 ರೂಪಾಯಿ, ಅಂದರೆ ದಿನಕ್ಕೆ 88 ರೂಪಾಯಿಗೂ ಕಡಿಮೆ. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿನಿಂದ ಬಿಡಿಹೂ ತಂದು, ಬಾಳೆನಾರಿನಲ್ಲಿ ಕಟ್ಟಿ, ಮೊಳದ ಲೆಕ್ಕದಲ್ಲಿ ಮಾರಿ, ಬಂಡವಾಳ ಕಳೆದು ದಿನಕ್ಕೆ ನೂರು ರೂಪಾಯಿ ಉಳಿಸುವ ಅಜ್ಜಿಯ ವರ್ಷದ ಆದಾಯ 36,500. ಅಷ್ಟಕ್ಕೇ ಅವರು ಅನರ್ಹರು! ಅದೇ ಬಿಪಿಎಲ್ ಕಾರ್ಡಿಗೆ ಮಿತಿ 1.2 ಲಕ್ಷ. ರೇಷನ್ ಅಂಗಡಿಯಲ್ಲಿ ಬಡವರಾದವರು ನಾಡಕಚೇರಿಯಲ್ಲಿ ಬಡವರಲ್ಲ ಎನ್ನುವುದು ಅನ್ಯಾಯ. ಹೀಗಿದ್ದಾಗ ನಿಜ ಹೇಳಿದವರಿಗೇ ಪಿಂಚಣಿ ತಪ್ಪುತ್ತದೆ. ನನ್ನ ಅಭಿಪ್ರಾಯದಲ್ಲಿ, ಬಿಪಿಎಲ್ ಕಾರ್ಡಿದ್ದು ವಯಸ್ಸು 65 ತುಂಬಿದ್ದರೆ ಬೇರೆ ಆದಾಯ ಪ್ರಮಾಣಪತ್ರವನ್ನೇ ಕೇಳಬಾರದು.

ಇನ್ನು ಮೊತ್ತ. 2007ರಲ್ಲಿ ಯೋಜನೆ ಶುರುವಾದಾಗ ತಿಂಗಳಿಗೆ 400 ರೂಪಾಯಿ ಇತ್ತು. 2021ರಲ್ಲಿ ಅದು 1,000ದಿಂದ 1,200ಕ್ಕೆ ಏರಿತು. ಸರ್ಕಾರಿ ನೌಕರರಿಗೆ ಬೆಲೆ ಏರಿದಂತೆ ತುಟ್ಟಿಭತ್ಯೆ ಏರುತ್ತದೆ, ಅಜ್ಜಿ ಮಾತ್ರ ಬಜೆಟ್ಟಿನ ದಾರಿ ಕಾಯಬೇಕು. ಕೇಂದ್ರದ ವೃದ್ಧಾಪ್ಯ ಪಿಂಚಣಿಯಲ್ಲಂತೂ 80 ವರ್ಷದೊಳಗಿನವರಿಗೆ ಕೇಂದ್ರ ಕೊಡುವ ಪಾಲು ಬಹುಕಾಲದಿಂದ 200 ರೂಪಾಯಿಯಲ್ಲೇ ನಿಂತಿದೆ. ರಾಜಸ್ಥಾನ 2023ರಲ್ಲಿ ಕಾಯ್ದೆಯನ್ನೇ ಮಾಡಿ, ಪಿಂಚಣಿ ವರ್ಷಕ್ಕೆ ಶೇ. 15ರಷ್ಟು ಏರಬೇಕೆಂದು ಬರೆಯಿತು. ನಮ್ಮಲ್ಲೂ ಅಂಥದ್ದೊಂದು ಕಾಯ್ದೆ ಬರಬೇಕು.

ಮಂಜೂರಾದ ಮೇಲೂ ದುಡ್ಡು ಬರಲಿಲ್ಲ ಎನ್ನುವವರು ಆಧಾರ್ ಜೋಡಣೆ ನೋಡಿಕೊಳ್ಳಬೇಕು. ಆಧಾರ್ ಮೂಲಕ ಪಾವತಿಯಾಗುವ ಹಣ ಕೊನೆಗೆ ಯಾವ ಬ್ಯಾಂಕಿಗೆ ಜೋಡಿಸಿದ್ದೀರೋ ಅಲ್ಲಿಗೆ ಹೋಗುತ್ತದೆ. ಯಾವುದೋ ಕಾಲದಲ್ಲಿ ತೆರೆದು ಮರೆತ ಖಾತೆಯಲ್ಲಿ ತಿಂಗಳುಗಟ್ಟಲೆ ಹಣ ಬಿದ್ದಿರಬಹುದು.

ನಿಮ್ಮ ಅಜ್ಜಿಯ ವಿಷಯದಲ್ಲಿ ಒಂದು ಅನುಮಾನ. "ದಿನಕ್ಕೆ ಎಷ್ಟು ವ್ಯಾಪಾರ ಆಗುತ್ತೆ?" ಅಂತ ಕೇಳಿದಾಗ ಅವರು "ಮುನ್ನೂರು" ಅಂದಿರಬಹುದು. ಹೂವಿಗೆ ಹಾಕಿದ ದುಡ್ಡು, ಆಟೋ ಬಾಡಿಗೆ, ಸಂಜೆಗೆ ಬಾಡಿ ಎಸೆದ ಹೂವಿನ ನಷ್ಟ ಇದ್ಯಾವುದೂ ಲೆಕ್ಕಕ್ಕೆ ಬಂದಿರಲಿಕ್ಕಿಲ್ಲ. ಲೆಕ್ಕಕ್ಕೆ ಬರಬೇಕಾದದ್ದು ಕೈಯಲ್ಲಿ ಉಳಿಯುವ ಹಣ. ಅಜ್ಜಿ ಜೊತೆ ನೀವೇ ನಾಡಕಚೇರಿಗೆ ಹೋಗಿ ಈ ಲೆಕ್ಕವನ್ನು ಬಿಡಿಸಿ ಹೇಳಿ. ಮತ್ತೆ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲೇ ಕೇಳಿ ಪಡೆಯಿರಿ, ಸಕಾಲ ಕಾಯ್ದೆಯಡಿ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.