ಕೋವಿಯ ಮರಕ್ಕೆ ಹಾಸು: ಹೊಸಬರು ಯಾವ ಸಾಮಾನು ಆರಿಸಬೇಕು?

ತೋಟಗಾರನಿಗೆ ಕೋವಿ ಷೋಕಿಯ ವಸ್ತುವಲ್ಲ. ಕೊಡಗಿನಲ್ಲಿ ಅದು ಮನೆತನದ ಸೊತ್ತು. ಸೆಪ್ಟೆಂಬರ್ ತಿಂಗಳ ಕೈಲ್ ಪೋಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ ಸಲ್ಲುತ್ತದೆ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿಗಳಿವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯೂ ಹಿರಿಯರಿಂದ ಬಂದ ಕೋವಿಯನ್ನು ಜೋಪಾನವಾಗಿಟ್ಟ ಮನೆಗಳುಂಟು. ನಳಿಗೆಗೆ ಎಣ್ಣೆ ಹಚ್ಚುವ ನಾವು ಮರದ ಕಡೆ ನೋಡುವುದು ಕಡಿಮೆ. ಆದರೆ ಕೋವಿ ಕೆಡುವುದು ಎಷ್ಟೋ ಸಲ ಮರದಿಂದಲೇ.

ಹಾಸು ಎಂದರೇನು?

ರೈಫಲ್ಲಿನ ಕಬ್ಬಿಣದ ಭಾಗ ಮರದ ಗುಳಿಯಲ್ಲಿ ಕುಳಿತಿರುತ್ತದೆ. ತಿರುಪು ಮೊಳೆಗಳು ಅದನ್ನು ಹಿಡಿದಿರುತ್ತವೆ. ಗುಂಡು ಹಾರಿದಾಗ ಬರುವ ಒದೆತವನ್ನು ಮರ ತಾಳಬೇಕು. ಕಬ್ಬಿಣಕ್ಕೂ ಮರಕ್ಕೂ ನಡುವೆ ಸಂದು ಬಿದ್ದರೆ ಪ್ರತಿ ಏಟಿಗೂ ಕಬ್ಬಿಣ ಸ್ವಲ್ಪ ಸರಿದು ಬೇರೆ ಜಾಗದಲ್ಲಿ ಕೂರುತ್ತದೆ. ಗುರಿ ತಪ್ಪುತ್ತದೆ. ಕೊನೆಗೆ ಕೈ ಹಿಡಿಯುವ ಸಣ್ಣ ಜಾಗದಲ್ಲಿ ಮರ ಸೀಳುತ್ತದೆ. ಈ ಸಂದನ್ನು ಗಟ್ಟಿ ವಸ್ತುವಿನಿಂದ ತುಂಬಿ, ಕಬ್ಬಿಣದ ಅಚ್ಚಿಗೆ ಸರಿಯಾದ ಪೀಠ ಮಾಡುವುದೇ ಹಾಸು, ಅಂದರೆ ಬೆಡ್ಡಿಂಗ್.

ನಮ್ಮ ಬಯಲುಸೀಮೆಗೆ ಈ ಮಾತು ಹೆಚ್ಚು ಸಲ್ಲುತ್ತದೆ. ಮರ ತೇವದಲ್ಲಿ ಊದುತ್ತದೆ, ಒಣಹವೆಯಲ್ಲಿ ಕುಗ್ಗುತ್ತದೆ. ಮಳೆಸೀಮೆಯಲ್ಲಿ ಬಿಗಿಯಾಗಿದ್ದ ಕೋವಿ ಕೋಲಾರದ ಚೈತ್ರದ ಬಿಸಿಲಿಗೆ ಸಡಿಲವಾಗುವುದು ಸಹಜ. ಆಗ ತಿರುಪು ಮೊಳೆಯನ್ನು ಮತ್ತೆ ಮತ್ತೆ ಬಿಗಿದರೆ ಮರ ಜಜ್ಜಿ ಸಂದು ದೊಡ್ಡದಾಗುವುದೇ ಹೊರತು ರೋಗ ವಾಸಿಯಾಗದು.

ಬೇಡವಾದ ಸಾಮಾನುಗಳು

1. ಕಾಗದ, ರಟ್ಟು, ಚರ್ಮದ ತುಂಡು: ಒತ್ತಡಕ್ಕೆ ತೆಳುವಾಗುತ್ತವೆ, ತೇವ ಹೀರಿ ಕಬ್ಬಿಣಕ್ಕೆ ತುಕ್ಕು ತರುತ್ತವೆ.

2. ಫೆವಿಕಾಲ್ ಮತ್ತು ಮರದ ಹೊಟ್ಟು: ಮೇಜು ಕುರ್ಚಿಗೆ ಒಳ್ಳೆಯದು. ಆದರೆ ನೀರು ಆರಿದಂತೆ ಕುಗ್ಗುತ್ತದೆ.

3. ವಾಹನಗಳ ತಗ್ಗು ತುಂಬುವ ಬಾಡಿ ಪುಟ್ಟಿ: ಒಣಗುವಾಗ ಕುಗ್ಗುತ್ತದೆ, ಪೆಟ್ಟಿಗೆ ಚಕ್ಕೆ ಏಳುತ್ತದೆ.

4. ಸಿಲಿಕೋನ್, ರಬ್ಬರ್ ಅಂಟು: ಮೆತ್ತಗಿರುವುದರಿಂದ ಕಬ್ಬಿಣ ಅಲುಗಾಡುತ್ತದೆ.

5. ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ: ಹೊಸಬರ ಕೈ ಸರಿಯಾಗಿ ಕೂರಿಸುವಷ್ಟರಲ್ಲೇ ಬಿಗಿಯುತ್ತದೆ. ತಪ್ಪು ತಿದ್ದಲು ಸಮಯವಿರದು.

ಆರಿಸಬೇಕಾದ ಸಾಮಾನು

ನಿಧಾನವಾಗಿ ಗಟ್ಟಿಯಾಗುವ, ಎರಡು ಭಾಗ ಬೆರೆಸುವ ಎಪಾಕ್ಸಿಯೇ ಹೊಸಬರಿಗೆ ತಕ್ಕದ್ದು. ಇದು ಗಟ್ಟಿಯಾಗುವಾಗ ಕುಗ್ಗುವುದು ಬಹಳ ಕಡಿಮೆ. ಇದರಲ್ಲೂ ಉಕ್ಕಿನ ಅಥವಾ ಅಲ್ಯೂಮಿನಿಯಂ ಪುಡಿ ಬೆರೆತು ಮುದ್ದೆಯಂತಿರುವುದು ಮೇಲು. ಹಚ್ಚಿದಲ್ಲೇ ನಿಲ್ಲುತ್ತದೆ, ಒತ್ತಡವನ್ನೂ ತಾಳುತ್ತದೆ. ಸಾಮಾನ್ಯ ನಿಧಾನದ ಅರಾಲ್ಡೈಟ್ ತೆಳುವಾದ್ದರಿಂದ ಬೇಡದ ತೂತುಗಳಿಗೆ ಹರಿಯುತ್ತದೆ. ಎಂ-ಸೀಲ್‌ನಂಥ ನಾದುವ ಮುದ್ದೆ ಆಳದ ಗುಳಿಯ ತಳ ತುಂಬಲು ಆದೀತು. ತೆಳುವಾದ ಹಾಸಿಗೆ ಹರಡುವುದಿಲ್ಲ.

ಎಪಾಕ್ಸಿಯಷ್ಟೇ ಮುಖ್ಯವಾದದ್ದು ಅಂಟದಂತೆ ತಡೆಯುವ ಮೇಣ. ಮೇಣದ ಪಾಲಿಷನ್ನು ಕಬ್ಬಿಣಕ್ಕೆಲ್ಲ ತೆಳುವಾಗಿ ಎರಡು ಸಲ ಹಚ್ಚಿ ಒರೆಸಬೇಕು. ತಿರುಪಿನ ತೂತು ಮತ್ತು ಇತರ ಸಂದುಗಳನ್ನು ಮಕ್ಕಳು ಆಡುವ ಮೇಣದ ಜೇಡಿಯಿಂದ ಮುಚ್ಚಬೇಕು. ಇದನ್ನು ಮರೆತರೆ ಕಬ್ಬಿಣವೂ ಮರವೂ ಒಂದಾಗಿ ಬಿಡುತ್ತವೆ. ಬಿಡಿಸಲು ಮರ ಒಡೆಯಬೇಕಾಗುತ್ತದೆ. ಮರದ ಮೇಲೆ ಹಳೆಯ ಎಣ್ಣೆ ಕುಡಿದ ಪದರವಿದ್ದರೆ ಎಪಾಕ್ಸಿ ಹಿಡಿಯದು. ಅದನ್ನು ಹೆರೆದು, ಹೊಸ ಮರ ಕಾಣುವಂತೆ ಮಾಡಿ, ಥಿನ್ನರ್‌ನಿಂದ ಒರೆಸಿ ಒಣಗಿಸಬೇಕು.

ಮುಚ್ಚಳದ ಪರೀಕ್ಷೆ

ಕೊಂಡ ಸಾಮಾನನ್ನು ನೇರವಾಗಿ ಕೋವಿಗೆ ಹಾಕಬೇಡಿ. ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲೇ ಸ್ವಲ್ಪ ಬೆರೆಸಿ. ಒಂದು ಬಾಟಲಿಯ ಮುಚ್ಚಳಕ್ಕೆ ಅಂಚಿನ ಮಟ್ಟಕ್ಕೆ ತುಂಬಿ, ಒಂದು ದಿನ ಪೂರ್ತಿ ಬಿಡಿ. ಮೇಲೆ ನೇರ ಅಳತೆಪಟ್ಟಿ ಇಟ್ಟು ನೋಡಿ. ನಡುವೆ ತಗ್ಗು ಕಂಡರೆ ಅದು ಕುಗ್ಗುವ ಸಾಮಾನು. ನಂತರ ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಗಂಟೆ ಇಟ್ಟು ಉಗುರು ಒತ್ತಿ. ಗುರುತು ಬಿದ್ದರೆ ಬಿಡಿ. ಮಾರ್ಗಶಿರ, ಪುಷ್ಯದ ಚಳಿಯಲ್ಲಿ ಎಪಾಕ್ಸಿ ನಿಧಾನವಾಗಿ ಗಟ್ಟಿಯಾಗುವುದರಿಂದ ಆ ಕಾಲದಲ್ಲಿ ಎರಡು ದಿನ ಕಾಯುವುದು ಲೇಸು. ಬೆರೆಸುವಾಗ ಕೈಗವಸು ಇರಲಿ. ಕೆಲವರ ಚರ್ಮಕ್ಕೆ ಇದು ತುರಿಕೆ ತರುತ್ತದೆ.

ಕಾನೂನಿನ ಮಾತು

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ವಿಸ್ತರಿಸಿತು. ಆ ವಿನಾಯಿತಿ ನಮ್ಮ ತಾಲ್ಲೂಕುಗಳ ರೈತರಿಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಕೋವಿ ರಿಪೇರಿಯ ಕಸುಬಿಗೆ ಪ್ರತ್ಯೇಕ ಲೈಸೆನ್ಸ್ ಬೇಕು. ಆದುದರಿಂದ ಊರಿನ ಬಡಗಿಯ ಬಳಿ ಕೋವಿಯನ್ನು ಬಿಟ್ಟು ಬರಬೇಡಿ. ಅವನಿಗೂ ತೊಂದರೆ, ನಿಮಗೂ ತೊಂದರೆ. ಸಾಮಾನಿನ ಗುಣ ತಿಳಿದುಕೊಂಡು, ಲೈಸೆನ್ಸ್ ಇರುವ ರಿಪೇರಿಗಾರರ ಮುಂದೆ ಕುಳಿತು ಕೆಲಸ ಮಾಡಿಸಿ. ಕೈ ಪಳಗಿಸಬೇಕೆಂದರೆ ಹಳೆಯ ಮರದ ತುಂಡಿನ ಮೇಲೆ ಮಾಡಿ ನೋಡಿ. ಕೋವಿಯ ಲೈಸೆನ್ಸ್ ಇದ್ದ ಮಾತ್ರಕ್ಕೆ ಕಾಡುಪ್ರಾಣಿಯನ್ನು ಹೊಡೆಯುವ ಹಕ್ಕು ಬರುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಬೇರೆಯೇ ಇದೆ.

ನೆನಪಿಡಿ

ಮರ ಮುಟ್ಟುವ ಮೊದಲು ಕೋವಿ ಖಾಲಿಯಿದೆಯೇ ಎಂದು ಎರಡು ಸಲ ನೋಡಿ. ತೋಟಾಗಳು ಬೇರೆ ಕೋಣೆಯಲ್ಲಿರಲಿ. ಹಿಡಿಯ ಬಳಿ ಸೀಳು ಕಂಡರೆ ಹಾಸು ಹಾಕಿ ಮುಚ್ಚಬೇಡಿ. ಅಂಥ ಮರವನ್ನು ಬದಲಾಯಿಸುವುದೇ ಸರಿ. ನಿಧಾನ, ಮುದ್ದೆ, ಕುಗ್ಗದಿರುವುದು: ಈ ಮೂರು ಗುಣ ನೋಡಿ ಕೊಂಡರೆ ಹೊಸಬರೂ ಮೋಸ ಹೋಗುವುದಿಲ್ಲ.